ಹನ್ನೊಂದು ಮೀನು, ಹತ್ತು ಸಾವು, ಮೂರು ಕಾರಣ: ಹೊಸ ಉಪ್ಪುನೀರಿನ ತೊಟ್ಟಿಯ ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಅಪಾರ್ಟ್‌ಮೆಂಟಿನಲ್ಲಿ ನಡೆದ ಪ್ರಕರಣವಿದು. 113 ದಿನಗಳಲ್ಲಿ ಆ ಮನೆಗೆ ಹನ್ನೊಂದು ಮೀನುಗಳು ಬಂದವು, ಹತ್ತು ಸತ್ತವು. ಸಾಯುವ ಮುನ್ನ ಎಲ್ಲವೂ ಹೆಚ್ಚುಕಡಿಮೆ ಒಂದೇ ರೀತಿ ಕಂಡವು. ಕಿವಿರು ಬೇಗಬೇಗ ಬಡಿದುಕೊಳ್ಳುತ್ತಿತ್ತು, ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿತ್ತು, ಕೊನೆಗೆ ಯಾವುದೋ ಮೂಲೆಯಲ್ಲಿ ವಾಲಿಕೊಂಡು ನಿಲ್ಲುತ್ತಿತ್ತು. ನೋಡಿದವರೆಲ್ಲ ಇದು ಒಂದೇ ಕಾಯಿಲೆ ಎಂದುಕೊಂಡರು. ಆದರೆ ಆ ಹತ್ತು ಸಾವುಗಳಿಗೆ ಮೂರು ಬೇರೆ ಬೇರೆ ಕಾರಣಗಳಿದ್ದವು. ಒಂದನ್ನು ತಡೆಯಲು ಮಾಡಿದ ಕೆಲಸವೇ ಮುಂದಿನದಕ್ಕೆ ದಾರಿ ಮಾಡಿಕೊಟ್ಟಿತ್ತು. ಮೂರನೆಯದರಲ್ಲಿ ನನ್ನ ಪಾಲೂ ಇದೆ.

ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. ಈಗ ಬೆಂಗಳೂರಿನಲ್ಲಿ ಮನೆಗಳ ಮತ್ತು ಕಚೇರಿಗಳ ಅಕ್ವೇರಿಯಂ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಈ ಮನೆಯವರು ತಮ್ಮ ಗುರುತು ಮರೆಮಾಡಿ ಬರೆಯಲು ಒಪ್ಪಿದ್ದಾರೆ. ಇಲ್ಲಿ ಅವರನ್ನು ಯಜಮಾನರು, ಅವರ ಪತ್ನಿ, ಮಗಳು ಎಂದಷ್ಟೇ ಕರೆಯುತ್ತೇನೆ. ನಾನು ಆ ಮನೆಗೆ ಕಾಲಿಟ್ಟದ್ದು 41ನೆಯ ದಿನ. ಅದಕ್ಕೂ ಹಿಂದಿನದನ್ನು ಅಂಗಡಿಯ ಬಿಲ್ಲುಗಳು, ಮೊಬೈಲಿನ ಫೋಟೋಗಳ ದಿನಾಂಕ ಮತ್ತು ಒಂಬತ್ತನೆಯ ತರಗತಿಯಲ್ಲಿದ್ದ ಮಗಳು ಬರೆದಿಟ್ಟಿದ್ದ ಒಂದು ನೋಟ್‌ಬುಕ್ಕಿನಿಂದ ಜೋಡಿಸಿಕೊಂಡಿದ್ದೇನೆ.

ತೊಟ್ಟಿ ಮತ್ತು ಊರಿನ ನೀರು

ಯಜಮಾನರು ಗೋಕರ್ಣದ ಕಡೆಯವರು. ಬಾಲ್ಯವೆಲ್ಲ ಕಡಲು ಮತ್ತು ಅಘನಾಶಿನಿಯ ನಡುವೆ ಕಳೆದವರು. ಹತ್ತೊಂಬತ್ತು ವರ್ಷ ಬೆಂಗಳೂರಿನಲ್ಲಿ ದುಡಿದ ಮೇಲೆ, ಮನೆಯ ಹಾಲ್‌ನಲ್ಲಿ ಕಡಲಿನ ಒಂದು ತುಂಡು ಇರಲಿ ಎಂಬ ಆಸೆ ಅವರದು. ಸಿಹಿನೀರಿನ ಗೋಲ್ಡ್‌ಫಿಶ್‌ಗಳನ್ನು ಹಿಂದೆ ಸಾಕಿದ್ದರು, ಅವು ಚೆನ್ನಾಗಿಯೇ ಬದುಕಿದ್ದವು. ಆ ಅನುಭವ ಧೈರ್ಯ ಕೊಟ್ಟಿತು. ಉಪ್ಪುನೀರಿನಲ್ಲಿ ಅದೇ ತಪ್ಪಿಗೆ ದಂಡ ಎಷ್ಟು ಹೆಚ್ಚು ಎಂಬುದನ್ನು ಮಾತ್ರ ಹೇಳಲಿಲ್ಲ.

ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಕಲ್ಲು ಮತ್ತು ಮರಳು ಹಾಕಿದ ಮೇಲೆ ಅದರಲ್ಲಿ ನಿಲ್ಲುವ ನೀರು ಸುಮಾರು 165 ಲೀಟರ್. ಕೆಳಗೆ ಕ್ಯಾನಿಸ್ಟರ್ ಫಿಲ್ಟರ್, ಪಕ್ಕಕ್ಕೆ ನೇತುಹಾಕುವ, ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ನೀರು ಆಡಿಸಲು ಒಂದು ವೇವ್ ಮೇಕರ್. ಅಂಗಡಿಯೊಂದರಲ್ಲಿ ಅವರಿಗೆ ಹವಳ ಅಂಟಿಕೊಂಡಿದ್ದ ಕಡಲ ಕಲ್ಲನ್ನು ಗುಟ್ಟಾಗಿ ಕೊಡುತ್ತೇವೆ ಎಂದರಂತೆ. ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಯಜಮಾನರು ಬೇಡವೆಂದು ಬಂದು, ಒಣ ಕಲ್ಲನ್ನೇ ಕೊಂಡರು. ಈ ಪ್ರಕರಣದ ಆರಂಭದ ನಿರ್ಧಾರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಆದರೆ ಒಣ ಕಲ್ಲಿನಲ್ಲಿ ಜೀವವಿರುವುದಿಲ್ಲ. ಅದಕ್ಕೆ ಜೀವ ಹತ್ತಲು ವಾರಗಳು ಬೇಕು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅವರು ಇಪ್ಪತ್ತು ಲೀಟರಿನ ಐದು ಕ್ಯಾನುಗಳಲ್ಲಿ ಕಡಲಿನ ನೀರು ತುಂಬಿಕೊಂಡು ಬಂದರು. ಕ್ಯಾನುಗಳು ಮುಚ್ಚಳ ಬಿಗಿದುಕೊಂಡು ಒಂಬತ್ತು ದಿನ ಬಾಲ್ಕನಿಯಲ್ಲಿದ್ದವು. ದಡದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ತುಂಬಿರುತ್ತವೆ. ಗಾಳಿಯೂ ಬೆಳಕೂ ಇಲ್ಲದೆ ಅವು ಸತ್ತು ಕೊಳೆತರೆ ಆ ನೀರು ಮೀನಿಗೆ ಮನೆಯಾಗುವ ಮೊದಲೇ ಹೊಲಸಾಗಿರುತ್ತದೆ. ಕ್ಯಾನು ತೆರೆದಾಗ ಮೊಟ್ಟೆ ಕೊಳೆತಂಥ ವಾಸನೆ ಬಂದಿತ್ತೆಂದು ಮಗಳ ನೋಟ್‌ಬುಕ್ಕಿನಲ್ಲಿದೆ. ಅಪ್ಪ ಅದನ್ನು ಕಡಲಿನ ವಾಸನೆ ಎಂದರಂತೆ. ಊರಿನ ಮೇಲಿನ ಪ್ರೀತಿಯಿಂದ ಹೇಳಿದ ಮಾತದು, ಅದನ್ನು ತಪ್ಪು ಎಂದು ಬರೆಯಲು ನನಗೆ ಮನಸ್ಸಾಗುವುದಿಲ್ಲ. ಉಳಿದ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಕಲಸಿದರು. ನವೆಂಬರ್ 9ರಂದು ತೊಟ್ಟಿ ತುಂಬಿತು. ಅದನ್ನೇ ಮೊದಲನೆಯ ದಿನ ಎಂದು ಎಣಿಸುತ್ತೇನೆ.

ಹಸಿರೋ ಹಳದಿಯೋ

ಮೂರನೆಯ ದಿನ ಏಳು ಮೀನುಗಳು ಬಂದವು. ಅಂಗಡಿಗಳಲ್ಲಿ ನೀಮೋ ಎಂದು ಕರೆಯುವ ಕ್ಲೌನ್ ಮೀನು ಎರಡು, ನೀಲಿ ಡ್ಯಾಮ್ಸೆಲ್ ನಾಲ್ಕು, ಒಂದು ಬ್ಲೂ ಟ್ಯಾಂಗ್. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಸುರಿದರೆ ಮರುದಿನವೇ ಮೀನು ಬಿಡಬಹುದೆಂದು ಅಂಗಡಿಯವರು ಹೇಳಿದ್ದರು. ಬಾಟಲಿಯ ಬ್ಯಾಕ್ಟೀರಿಯಾ ಕೆಲಸವನ್ನು ಬೇಗ ಶುರುಮಾಡಬಹುದು ನಿಜ. ಏಳು ಮೀನುಗಳ ಭಾರವನ್ನು ಮೂರನೆಯ ದಿನ ಅದು ಹೊರಲಾರದು.

ಮೀನು ತನ್ನ ಕಿವಿರಿನ ಮೂಲಕ ಸದಾ ಅಮೋನಿಯಾ ಬಿಡುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಕಲ್ಲು, ಮರಳು, ಫಿಲ್ಟರಿನ ಸ್ಪಂಜುಗಳ ಮೇಲೆ ಅಂಟಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಎರಡು ಸೈನ್ಯಗಳೂ ಬೇಕಾದಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಗೋಲ್ಡ್‌ಫಿಶ್ ಸಾಕಿದವರು ಈ ಅವಧಿಯನ್ನು ಎಷ್ಟೋ ಸಲ ಗೊತ್ತೇ ಆಗದಂತೆ ದಾಟಿಬಿಡುತ್ತಾರೆ. ಅದಕ್ಕೆ ಕಾರಣವಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಅದರಲ್ಲಿ ಒಂದು ರೂಪ ಮಾತ್ರ ಕಡು ವಿಷ. ನೀರಿನ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 7 ಇರುವ ಸಿಹಿನೀರಿನಲ್ಲಿ ಆ ವಿಷದ ಪಾಲು ಶೇಕಡಾ ಸುಮಾರು 0.5 ಮಾತ್ರ, ಅಂದರೆ ನೂರರಲ್ಲಿ ಒಂದಕ್ಕಿಂತ ಕಡಿಮೆ. ಪಿಎಚ್ 8.2ರ ಬೆಚ್ಚಗಿನ ಕಡಲ ನೀರಿನಲ್ಲಿ ಅದು ನೂರಕ್ಕೆ ಏಳರ ಆಸುಪಾಸು. ಪರೀಕ್ಷೆಯಲ್ಲಿ ಎರಡೂ ತೊಟ್ಟಿಗಳು ಒಂದೇ ಅಂಕಿ ತೋರಿಸಿದರೂ ಉಪ್ಪುನೀರಿನ ಮೀನು ಹತ್ತು ಪಟ್ಟಿಗಿಂತ ಹೆಚ್ಚು ವಿಷದಲ್ಲಿ ಉಸಿರಾಡುತ್ತಿರುತ್ತದೆ.

ಅವರು ಪರೀಕ್ಷೆ ಮಾಡಲಿಲ್ಲ ಎಂದಲ್ಲ, ಮಾಡಿದರು. ಆರನೆಯ ದಿನ ಒಂದು ಡ್ಯಾಮ್ಸೆಲ್ ಸತ್ತಾಗ ಅಮೋನಿಯಾ ಪರೀಕ್ಷಿಸುವ ಕಿಟ್ ತಂದರು. ಗಾಜಿನ ನಳಿಕೆಯಲ್ಲಿ ನೀರು ಹಳದಿಯಾಗಿಯೇ ಉಳಿದರೆ ಅಮೋನಿಯಾ ಇಲ್ಲ, ಹಸಿರಿಗೆ ತಿರುಗಿದರೆ ಇದೆ. ರಾತ್ರಿ ಎಂಟಕ್ಕೆ ಹಾಲ್‌ನ ದೀಪದ ಕೆಳಗೆ ನೋಡಿದ ದಂಪತಿಗೆ ಅದು ಹಳದಿ ಎಂದೇ ಕಂಡಿತು. ಆ ದೀಪ ಕೇಸರಿ ಕಡೆಗಿರುವ ಬೆಚ್ಚನೆಯ ಬೆಳಕಿನದು. ಅದರ ಕೆಳಗೆ ತಿಳಿ ಹಸಿರು ಹಳದಿಯಾಗಿಬಿಡುತ್ತದೆ. ಮರುದಿನ ಸಂಜೆ ಶಾಲೆಯಿಂದ ಬಂದ ಮಗಳು ಅದೇ ಪರೀಕ್ಷೆಯನ್ನು ಬಾಲ್ಕನಿಯ ಬೆಳಕಿನಲ್ಲಿ ಮಾಡಿ, ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಳು: ‘ಹಸಿರು. ಒಂದಕ್ಕೂ ಎರಡಕ್ಕೂ ಮಧ್ಯೆ. ಅಪ್ಪ ಹನಿ ಜಾಸ್ತಿ ಹಾಕಿದೀಯ ಅಂದರು.’ ಅವಳು ಹನಿ ಸರಿಯಾಗಿಯೇ ಹಾಕಿದ್ದಳು.

ಹನ್ನೆರಡನೆಯ ದಿನದ ಹೊತ್ತಿಗೆ ಐದು ಮೀನುಗಳು ಹೋಗಿದ್ದವು. ಮೂರು ಡ್ಯಾಮ್ಸೆಲ್, ಒಂದು ಕ್ಲೌನ್, ಬ್ಲೂ ಟ್ಯಾಂಗ್. ಆ ಟ್ಯಾಂಗ್ ಬದುಕಿದ್ದರೂ ಮೂರು ಅಡಿಯ ತೊಟ್ಟಿ ಅದಕ್ಕೆ ಜೈಲೇ ಆಗುತ್ತಿತ್ತು. ಕಡಲಿನಲ್ಲಿ ಅದು ಒಂದು ಅಡಿಯವರೆಗೆ ಬೆಳೆಯುವ, ದಿನವಿಡೀ ಈಜುವ ಮೀನು.

ಒಂದು ತಪ್ಪಿನ ಭಯ ಇನ್ನೊಂದಾದ ಬಗೆ

ಐದನೆಯ ಸಾವಿನ ರಾತ್ರಿ ಯಜಮಾನರು ತೊಟ್ಟಿಯ ಮುಕ್ಕಾಲು ಪಾಲು ನೀರು ತೆಗೆದರು. ವಿಷವನ್ನು ಹೊರಹಾಕಲು ಅಷ್ಟು ದೊಡ್ಡ ನೀರು ಬದಲಾವಣೆ ತಪ್ಪಲ್ಲ, ಆ ಹೊತ್ತಿಗೆ ಅದೇ ಸರಿಯಾದ ಚಿಕಿತ್ಸೆ. ಉಳಿದ ಎರಡು ಮೀನುಗಳ ಜೀವ ಉಳಿಸಿದ್ದೂ ಅದೇ ಇರಬೇಕು. ಆದರೆ ಜೊತೆಗೆ ಫಿಲ್ಟರಿನ ಸ್ಪಂಜು ಮತ್ತು ಪಿಂಗಾಣಿ ಉಂಗುರಗಳನ್ನು ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದರು. ನಲ್ಲಿ ನೀರಿನ ಕ್ಲೋರಿನ್ ನಮ್ಮನ್ನು ಕಾಯುವುದೇ ಬ್ಯಾಕ್ಟೀರಿಯಾಗಳನ್ನು ಕೊಂದು. ಹನ್ನೆರಡು ದಿನದಲ್ಲಿ ಹತ್ತಿದ್ದ ಅಷ್ಟಿಷ್ಟು ಜೀವ ಅಲ್ಲಿಗೆ ತೊಳೆದುಹೋಯಿತು. ಎರಡೇ ಮೀನು ಇದ್ದುದರಿಂದ ಭಾರ ಕಡಿಮೆಯಾಗಿ, ಬ್ಯಾಕ್ಟೀರಿಯಾ ಮತ್ತೆ ಬೆಳೆಯಲು ಅವಕಾಶ ಸಿಕ್ಕಿತು.

ಕ್ಲೋರಿನ್ ವಿಷಯ ಎರಡು ದಿನ ಕಳೆದ ಮೇಲೆ ಅವರಿಗೆ ತಿಳಿಯಿತು. ಆಗ ಯಜಮಾನರು ಒಂದು ಶಪಥ ಮಾಡಿದರು: ಇನ್ನು ಈ ತೊಟ್ಟಿಗೆ ಬರಿಯ ನೀರು ಹಾಕುವುದೇ ಇಲ್ಲ, ಏನಿದ್ದರೂ ಉಪ್ಪಿನ ಮಿಶ್ರಣ ಕಲಸಿದ, ಒಂದು ದಿನ ಗಾಳಿಯಾಡಿಸಿದ ನೀರು ಮಾತ್ರ. ಕೇಳಲು ಜಾಗ್ರತೆಯ ಮಾತು. ಡಿಸೆಂಬರಿನ ಒಣ ಹವೆ, ಮುಚ್ಚಳವಿಲ್ಲದ ತೊಟ್ಟಿ, ಮೇಲೆ ದೀಪದ ಶಾಖ. ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗುತ್ತಿತ್ತು, ಅಷ್ಟನ್ನೂ ಉಪ್ಪುನೀರಿನಿಂದಲೇ ತುಂಬಿಸುತ್ತಿದ್ದರು. 24 ದಿನಕ್ಕೆ 36 ಲೀಟರ್. ಲೀಟರಿಗೆ 35 ಗ್ರಾಂ ಎಂದರೂ ಒಂದೂಕಾಲು ಕಿಲೋ ಉಪ್ಪು ಹೆಚ್ಚುವರಿಯಾಗಿ ತೊಟ್ಟಿಗೆ ಸೇರಿತು.

ಅಳೆಯುವ ಸಾಧನ ಅವರ ಬಳಿ ಇತ್ತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳ್ಳು ತೇಲಿ ಅಂಕಿ ತೋರಿಸುವ ಹೈಡ್ರೋಮೀಟರ್. ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯದೆ ಇಟ್ಟದ್ದರಿಂದ ಮುಳ್ಳಿಗೆ ಉಪ್ಪು ಕಟ್ಟಿ ಭಾರವಾಗಿತ್ತು. ಭಾರವಾದ ಮುಳ್ಳು ಏಳುವುದಿಲ್ಲ. ನೀರು ದಿನದಿನಕ್ಕೆ ಗಾಢವಾಗುತ್ತಿದ್ದರೂ ಅದು ಎಲ್ಲ ಸರಿಯಿದೆ ಎಂದೇ ಹೇಳುತ್ತಿತ್ತು.

36ನೆಯ ದಿನ ಮೂರು ಹೊಸ ಮೀನುಗಳು ಬಂದವು. ಎರಡು ಕ್ಲೌನ್, ಒಂದು ಗೋಬಿ. ಚೀಲವನ್ನು ಅರ್ಧ ಗಂಟೆ ತೇಲಿಬಿಟ್ಟು ತೊಟ್ಟಿಗೆ ಬಿಟ್ಟರು. 39ನೆಯ ದಿನ ಬೆಳಗ್ಗೆ ಮೂರೂ ಸತ್ತಿದ್ದವು. ಲಕ್ಷಣ ಹಿಂದಿನದೇ: ವೇಗದ ಉಸಿರು, ಮೂಲೆ, ವಾಲುವುದು. ಮತ್ತೆ ಅಮೋನಿಯಾ ಎಂದು ಅದನ್ನು ಕಟ್ಟಿಹಾಕುವ ಔಷಧಿ ಸುರಿದರು.

ಅಂದು ಯಜಮಾನರ ಪತ್ನಿ ಹೇಳಿದ ಮಾತನ್ನು ಈ ಪ್ರಕರಣದ ಮೊದಲ ತಿರುವು ಎಂದು ಎಣಿಸುತ್ತೇನೆ. ‘ಇನ್ನೊಂದು ಮೀನು ಈ ಮನೆಗೆ ಬರಬೇಕಾದರೆ ಸತ್ತ ಎಂಟಕ್ಕೂ ಕಾರಣ ನನಗೆ ಗೊತ್ತಾಗಬೇಕು.’ ಅವರೇ ಪರಿಚಯದವರ ಮೂಲಕ ನನಗೆ ಫೋನ್ ಮಾಡಿದರು.

ಎರಡು ಮೀನು ಹೇಳಿದ ಸಾಕ್ಷಿ

ನಾನು ಹೋದಾಗ ತೊಟ್ಟಿಯಲ್ಲಿ ಮೊದಲ ಗುಂಪಿನ ಒಂದು ಕ್ಲೌನ್, ಒಂದು ಡ್ಯಾಮ್ಸೆಲ್ ಇದ್ದವು. ಎರಡೂ ಚುರುಕಾಗಿದ್ದವು. ಮಗಳು ಚಿಟಿಕೆ ಆಹಾರ ಹಾಕಿದಾಗ ಓಡಿಬಂದು ತಿಂದವು.

‘ಸರ್, ನೀರು ಪೂರ್ತಿ ವಿಷವಾಗಿಬಿಟ್ಟಿದೆ. ಎಲ್ಲ ಚೆಲ್ಲಿ ಹೊಸದಾಗಿ ಮಾಡೋಣವೇ?’ ಎಂದರು ಯಜಮಾನರು.

ನನಗೆ ಆ ಎರಡು ಮೀನುಗಳ ಮೇಲೆಯೇ ಕಣ್ಣಿತ್ತು. ನೀರು ವಿಷವಾಗಿದ್ದರೆ ಹಳೆಯವು ಹೀಗೆ ತಿನ್ನಬಾರದು. ಹಳೆಯವು ಬದುಕಿ ಹೊಸವು ಎರಡು ಮೂರು ದಿನದಲ್ಲಿ ಸಾಯುತ್ತಿದ್ದರೆ, ಹುಡುಕಬೇಕಾದದ್ದು ಅವು ಬಂದ ನೀರಿಗೂ ಸೇರಿದ ನೀರಿಗೂ ನಡುವಿನ ಅಂತರವನ್ನು. ಅಮೋನಿಯಾ ಪರೀಕ್ಷೆಯನ್ನು ಹಗಲು ಬೆಳಕಿನಲ್ಲಿ ಮಾಡಿದೆ: ಹಳದಿ, ಅಂದರೆ ಇಲ್ಲ. ನಂತರ ನೀರಿನ ಉಪ್ಪು ಅಳೆಯುವ ನನ್ನ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ತೊಟ್ಟಿಯ ಒಂದು ಹನಿ ಇಟ್ಟು ಕಿಟಕಿಗೆ ಹಿಡಿದೆ. ಲವಣಾಂಶ ಸಾವಿರಕ್ಕೆ 42. ಕಡಲಿನ ನೀರು ಸುಮಾರು 35. ಅವರು ಮೀನು ತಂದ ಅಂಗಡಿಗೆ ಅದೇ ಸಂಜೆ ಹೋಗಿ, ಕೇಳಿ, ಅಲ್ಲಿಯ ನೀರನ್ನೂ ನೋಡಿದೆ: 26. ಉಪ್ಪಿನ ಖರ್ಚು ಉಳಿಸಲು, ಪರೋಪಜೀವಿಗಳನ್ನು ಹತ್ತಿಕ್ಕಲು ಅಂಗಡಿಗಳು ಹೀಗೆ ಕಡಿಮೆ ಉಪ್ಪಿನಲ್ಲಿ ಮೀನುಗಳನ್ನು ಇಡುವುದುಂಟು. 26ರಿಂದ 42ಕ್ಕೆ ಅರ್ಧ ಗಂಟೆಯಲ್ಲಿ ಹಾರಿದ ಮೀನಿನ ಮೈಯಿಂದ ನೀರು ಹೊರಕ್ಕೆ ಹೀರಿಹೋಗುತ್ತದೆ. ನೀರಿನೊಳಗೇ ಇದ್ದು ಮೀನು ಬಾಯಾರಿ ಸಾಯುತ್ತದೆ. ಹಳೆಯ ಎರಡು ಮೀನುಗಳು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಏರಿದ ಉಪ್ಪಿಗೆ ಒಗ್ಗಿಕೊಂಡಿದ್ದವು.

ಇದನ್ನು ವಿವರಿಸಲು ನನಗೆ ಹೆಚ್ಚು ಮಾತು ಬೇಕಾಗಲಿಲ್ಲ. ಯಜಮಾನರ ಊರಿಗೆ ಹತ್ತಿರದಲ್ಲೇ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಹಿನ್ನೀರನ್ನು ಪಾತಿಗಳಿಗೆ ಬಿಟ್ಟು, ಬಿಸಿಲಿಗೆ ಆರಲು ಬಿಟ್ಟು, ಮತ್ತೆ ಬಿಟ್ಟು ಉಪ್ಪು ತೆಗೆಯುವುದನ್ನು ನೋಡುತ್ತ ಬೆಳೆದವರು ಅವರು. ‘ಸರ್, ನಿಮ್ಮೂರ ಆಗರದಲ್ಲಿ ಏನಾಗುತ್ತದೋ ಇಲ್ಲಿಯೂ ಅದೇ ಆಗಿದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ’ ಎಂದೆ. ಅವರು ಸ್ವಲ್ಪ ಹೊತ್ತು ತೊಟ್ಟಿಯನ್ನೇ ನೋಡುತ್ತ ನಿಂತರು. ಆಮೇಲೆ ಮಗಳನ್ನು ಕರೆದು, ಅದೇ ಮಾತನ್ನು ನನಗಿಂತ ಚೆನ್ನಾಗಿ, ಪಾತಿಯ ಲೆಕ್ಕ ಸಮೇತ ಅವಳಿಗೆ ಹೇಳಿದರು.

ಇಲ್ಲಿ ಒಂದು ನಿರ್ಧಾರ ಮುಖ್ಯವಾಗಿತ್ತು. ತೊಟ್ಟಿ ಖಾಲಿ ಮಾಡುವ ಅವರ ಯೋಚನೆಯನ್ನು ತಡೆದೆ. 41 ದಿನದಲ್ಲಿ ಕಲ್ಲಿಗೂ ಮರಳಿಗೂ ಜೀವ ಹತ್ತಿತ್ತು, ಅದು ಈ ಮನೆಯ ಅತ್ಯಂತ ಬೆಲೆಬಾಳುವ ಆಸ್ತಿ. ಉಪ್ಪನ್ನು ಒಂದೇ ದಿನದಲ್ಲಿ ಇಳಿಸುವುದೂ ಬೇಡವೆಂದೆ. ಮೀನಿಗೆ ಉಪ್ಪು ಇಳಿಯುವುದು ಏರುವುದಕ್ಕಿಂತ ಸುಲಭ. ಆದರೆ ನಾವು ಕಾಯಬೇಕಾದದ್ದು ಬ್ಯಾಕ್ಟೀರಿಯಾಗಳನ್ನೂ ಕಲ್ಲಿನ ಸಣ್ಣ ಜೀವಿಗಳನ್ನೂ ಕೂಡ. ದಿನಕ್ಕೆ ಮೂರೂವರೆ, ನಾಲ್ಕು ಲೀಟರಿನಂತೆ ತೊಟ್ಟಿಯ ನೀರು ತೆಗೆದು, ಅಷ್ಟೇ ಆರ್‌ಒ ನೀರು ಹಾಕುತ್ತ ಹೋದೆವು. ಎಂಟು ದಿನಕ್ಕೆ 35ಕ್ಕೆ ಇಳಿಯಿತು. ತೊಟ್ಟಿಯ ಗಾಜಿನ ಮೇಲೆ, ಸರಿಯಾದ ನೀರಿನ ಮಟ್ಟಕ್ಕೆ, ಮಗಳು ಒಂದು ನೀಲಿ ಟೇಪ್ ಅಂಟಿಸಿದಳು. ನೀರು ಟೇಪಿಗಿಂತ ಕೆಳಗಿಳಿದರೆ ಸಿಹಿನೀರು, ತೊಟ್ಟಿಯಿಂದ ನೀರು ತೆಗೆದು ಬದಲಿಸುವಾಗ ಮಾತ್ರ ಉಪ್ಪುನೀರು. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಸತ್ತ ಮೀನುಗಳನ್ನು ನಾನು ಬೇರೆ ಮನೆಗಳಲ್ಲಿಯೂ ಕಂಡಿದ್ದೇನೆ.

ರವೆ ಉದುರಿಸಿದಂತೆ

ಜನವರಿ ಪೂರ್ತಿ ತೊಟ್ಟಿ ಶಾಂತವಾಗಿತ್ತು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ ಹತ್ತು ಮಿಲಿಗ್ರಾಂ ಸುತ್ತ. ಬಸವನ ಹುಳುಗಳು, ಎರಡು ಹರ್ಮಿಟ್ ಏಡಿಗಳು ಬಂದವು, ಬದುಕಿದವು. ನೀರು ಸರಿಯಾಯಿತು ಎಂಬ ನೆಮ್ಮದಿ ಮನೆಯವರಿಗೂ ಬಂತು, ನನಗೂ ಬಂತು.

ಫೆಬ್ರವರಿ 8ರಂದು, 92ನೆಯ ದಿನ, ಒಂದು ಕೋರಲ್ ಬ್ಯೂಟಿ ತಂದೆವು. ನೇರಳೆ ಮತ್ತು ಕಿತ್ತಳೆ ಬಣ್ಣದ, ಅಂಗೈ ಅಗಲಕ್ಕಿಂತ ಚಿಕ್ಕದಾದ ಏಂಜೆಲ್ ಮೀನು. ಅಂಗಡಿಗೆ ನಾನೂ ಹೋಗಿದ್ದೆ. ಅಲ್ಲಿ ಅದು ಆಹಾರ ತಿಂದದ್ದನ್ನು ನೋಡಿದೆ, ಮೈಮೇಲೆ ಕಲೆಯಿಲ್ಲ ಎಂದು ಖಚಿತ ಮಾಡಿಕೊಂಡೆ. ಬೇರೆ ಟಬ್ಬಿನಲ್ಲಿ ಕ್ವಾರಂಟೈನ್ ಇಡಬೇಕೇ ಎಂದು ಮಗಳು ಕೇಳಿದಳು. ಎಲ್ಲೋ ಓದಿದ್ದಳು. ‘ಈ ಮೀನು ಆರೋಗ್ಯವಾಗಿದೆಯಮ್ಮ, ಉಪ್ಪಿನ ಅಂತರವನ್ನು ನಿಧಾನವಾಗಿ ಸರಿಪಡಿಸಿ ಬಿಟ್ಟರೆ ಸಾಕು’ ಎಂದೆ. ಆ ಮಾತನ್ನು ಹಿಂದಕ್ಕೆ ಪಡೆಯಲು ಸಾಧ್ಯವಿದ್ದಿದ್ದರೆ ಪಡೆಯುತ್ತಿದ್ದೆ. ಅಂಗಡಿಯ ಕಡಿಮೆ ಉಪ್ಪು ಪರೋಪಜೀವಿಯನ್ನು ಅಡಗಿಸಿಡುತ್ತದೆ, ಕೊಲ್ಲುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಣ್ಣಿಗೆ ಕಂಡದ್ದನ್ನು ನಂಬಿದೆ.

98ನೆಯ ದಿನ ಅದರ ರೆಕ್ಕೆಗಳ ಮೇಲೆ ಬಿಳಿ ಚುಕ್ಕೆಗಳು ಮೂಡಿದವು, ರವೆ ಉದುರಿಸಿದಂತೆ. ಡ್ಯಾಮ್ಸೆಲ್ ಕಲ್ಲಿಗೆ ಮೈ ಉಜ್ಜತೊಡಗಿತು. ಇದು ಕ್ರಿಪ್ಟೋಕ್ಯಾರಿಯನ್ ಎಂಬ ಏಕಕೋಶ ಜೀವಿಯಿಂದ ಬರುವ ರೋಗ, ಹವ್ಯಾಸಿಗಳು ಮರೀನ್ ಇಚ್ ಎನ್ನುತ್ತಾರೆ. 102ನೆಯ ದಿನ ಚುಕ್ಕೆಗಳೆಲ್ಲ ಮಾಯವಾದವು. ಆಹಾರಕ್ಕೆ ಬೆಳ್ಳುಳ್ಳಿ ರಸ ಸೇರಿಸಿದ್ದೇ ಫಲ ಕೊಟ್ಟಿತೆಂದು ಯಜಮಾನರು ಸಂತೋಷದಿಂದ ಫೋನ್ ಮಾಡಿದರು. ಆ ಸಂತೋಷವನ್ನು ನಾನು ಅಂದೇ ಮುರಿಯಬೇಕಾಯಿತು. ಈ ಜೀವಿ ಮೀನಿನ ಮೈಮೇಲೆ ಮೂರರಿಂದ ಏಳು ದಿನ ಮಾತ್ರ ಇರುತ್ತದೆ. ತಿಂದು ಕೊಬ್ಬಿದ ಮೇಲೆ ತಾನೇ ಉದುರಿ, ಮರಳಿನಲ್ಲೋ ಕಲ್ಲಿನ ಮೇಲೋ ಗಟ್ಟಿ ಕೋಶ ಕಟ್ಟಿಕೊಂಡು, ಒಳಗೊಳಗೇ ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಒಂದೆರಡು ದಿನದಲ್ಲಿ ಮೀನನ್ನು ಹುಡುಕಿಕೊಳ್ಳಬೇಕು. ಕಡಲಿನಲ್ಲಿ ಬಹುತೇಕಕ್ಕೆ ಮೀನು ಸಿಗುವುದೇ ಇಲ್ಲ. 165 ಲೀಟರಿನ ಪೆಟ್ಟಿಗೆಯಲ್ಲಿ ಸಿಗದೆ ಇರಲು ಜಾಗವೆಲ್ಲಿದೆ?

108ನೆಯ ದಿನ ಚುಕ್ಕೆಗಳು ಹತ್ತರಷ್ಟಾಗಿ ಮರಳಿದವು. ಈ ಬಾರಿ ಕಿವಿರಿಗೂ ಹತ್ತಿದವು. ಮತ್ತೆ ಅದೇ ವೇಗದ ಉಸಿರು, ಅದೇ ಮೂಲೆ. 113ನೆಯ ದಿನ, ಮಾರ್ಚ್ 1ರ ಬೆಳಗ್ಗೆ, ಕೋರಲ್ ಬ್ಯೂಟಿಯೂ ಮೊದಲ ದಿನಗಳಿಂದ ಎಲ್ಲವನ್ನೂ ದಾಟಿ ಬಂದಿದ್ದ ಡ್ಯಾಮ್ಸೆಲ್ಲೂ ಇರಲಿಲ್ಲ. ಡ್ಯಾಮ್ಸೆಲ್ ಸತ್ತದ್ದಕ್ಕೆ ಮಗಳು ಅತ್ತಳು. ಅವಳ ಮುಂದೆ ಕುಳಿತು, ತಪ್ಪು ನನ್ನದು ಎಂದು ಹೇಳಿದೆ.

ಉಳಿದದ್ದು ಮೊದಲ ಗುಂಪಿನ ಒಂದು ಕ್ಲೌನ್.

ಖಾಲಿ ತೊಟ್ಟಿ, ತುಂಬಿದ ಟಬ್ಬು

ಆ ದಿನ ನಮ್ಮ ಮುಂದೆ ಮೂರು ದಾರಿಗಳಿದ್ದವು. ತೊಟ್ಟಿಗೇ ತಾಮ್ರದ ಔಷಧಿ ಹಾಕುವುದು ಅಂಗಡಿಯ ಸಲಹೆ. ತಾಮ್ರ ಈ ಜೀವಿಯನ್ನು ಕೊಲ್ಲುತ್ತದೆ, ಅದರ ಜೊತೆಗೆ ಬಸವನ ಹುಳು ಮತ್ತು ಏಡಿಗಳನ್ನೂ ಕೊಲ್ಲುತ್ತದೆ. ಕಲ್ಲು ಮರಳುಗಳು ತಾಮ್ರವನ್ನು ಹೀರಿಕೊಳ್ಳುವುದರಿಂದ ಪ್ರಮಾಣವನ್ನು ಹಿಡಿತದಲ್ಲಿಡುವುದೂ ಕಷ್ಟ. ಎರಡನೆಯದು, ಏನೂ ಮಾಡದೆ ಮೀನಿನ ಶಕ್ತಿಗೆ ಬಿಡುವುದು. ಮೂರನೆಯದು, ಮೀನನ್ನು ಹೊರತೆಗೆದು ತೊಟ್ಟಿಯನ್ನು ಮೀನಿಲ್ಲದೆ ಬಿಡುವುದು. ಮೀನಿಲ್ಲದಿದ್ದರೆ ಆ ಜೀವಿಗೆ ಅನ್ನವಿಲ್ಲ. ಬಹುಪಾಲು ಕೋಶಗಳು ನಾಲ್ಕು ವಾರದೊಳಗೆ ಒಡೆಯುತ್ತವೆ, ಕೆಲವು ಬಹಳ ತಡಮಾಡುತ್ತವೆ. ಅದಕ್ಕಾಗಿ ಅನುಭವಿಗಳು 76 ದಿನದ ಲೆಕ್ಕ ಇಟ್ಟುಕೊಳ್ಳುತ್ತಾರೆ.

76 ದಿನ ಎಂದಾಗ ಯಜಮಾನರು ಸುಮ್ಮನಾದರು. ಒಂದು ಮೀನಿಗಾಗಿ ಎರಡೂವರೆ ತಿಂಗಳು, ಅದೂ ಖಾಲಿ ತೊಟ್ಟಿಗೆ ವಿದ್ಯುತ್ ಖರ್ಚು ಮಾಡುತ್ತ. ಪತ್ನಿ ಕ್ಯಾಲೆಂಡರ್ ತೆಗೆದು ಮೇ 16ರ ಮೇಲೆ ಗುರುತು ಹಾಕಿದರು. ಅಲ್ಲಿಗೆ ತೀರ್ಮಾನವಾಯಿತು.

ಮೀನಿಗೆ ತಾಮ್ರವನ್ನೂ ಕೊಡಲಿಲ್ಲ. ನಲವತ್ತು ಲೀಟರಿನ ಎರಡು ಪ್ಲಾಸ್ಟಿಕ್ ಟಬ್ಬುಗಳು, ಎರಡು ಏರ್ ಪಂಪುಗಳು, ಎರಡು ಹೀಟರುಗಳು. ಪ್ರತಿ 72 ಗಂಟೆಗೆ ಮೀನನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಿ, ಖಾಲಿಯಾದ ಟಬ್ಬನ್ನೂ ಅದರ ಸಾಮಾನುಗಳನ್ನೂ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸುವುದು. ಮೈಯಿಂದ ಉದುರಿದ ಕೋಶಗಳು ಒಡೆಯುವ ಮೊದಲೇ ಮೀನು ಬೇರೆ ನೀರಿನಲ್ಲಿರುತ್ತದೆ. ನಾಲ್ಕು ಸಲ ಸಾಗಿಸಿದರೆ, ಹನ್ನೆರಡು ದಿನದಲ್ಲಿ, ಮೈಮೇಲೆ ಹೊಸದಾಗಿ ಹತ್ತಲು ಏನೂ ಉಳಿಯುವುದಿಲ್ಲ. ವೇಳೆ ತಪ್ಪಬಾರದು. ಒಂದು ಸರದಿ ಮಗಳ ಗಣಿತ ಪರೀಕ್ಷೆಯ ಬೆಳಗ್ಗೆಯೇ ಬಂತು. ಅವಳು ಐದು ಗಂಟೆಗೆ ಎದ್ದು ಮೀನು ಸಾಗಿಸಿ, ನಂತರ ಶಾಲೆಗೆ ಹೋದಳು.

ಉಳಿದ ದಿನಗಳನ್ನು ಕ್ಲೌನ್ ಸ್ಪಂಜ್ ಫಿಲ್ಟರ್ ಇದ್ದ ಟಬ್ಬಿನಲ್ಲಿ ಕಳೆಯಿತು. ಏಪ್ರಿಲಿನಲ್ಲಿ ಟಬ್ಬಿನ ನೀರು 30 ಡಿಗ್ರಿ ದಾಟಿತು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಉಪ್ಪುನೀರಿನಲ್ಲಿ ಇನ್ನೂ ಕಡಿಮೆ. ನೀರಿನ ಮೇಲ್ಮೈಗೆ ಒಂದು ಚಿಕ್ಕ ಫ್ಯಾನ್ ತಿರುಗಿಸಿಟ್ಟೆವು, ಎರಡು ಡಿಗ್ರಿ ಇಳಿಯಿತು, ಆವಿಯಾಗುವುದು ಹೆಚ್ಚಾಯಿತು, ಟಬ್ಬಿಗೂ ಒಂದು ನೀಲಿ ಟೇಪ್ ಬಂತು. ಆ ತಿಂಗಳ ಕೊನೆಯ ಒಂದು ರಾತ್ರಿ ಗಾಳಿಮಳೆಗೆ ಐದು ಗಂಟೆ ವಿದ್ಯುತ್ ಹೋದಾಗ ಬ್ಯಾಟರಿಯ ಏರ್ ಪಂಪು ಕೆಲಸಕ್ಕೆ ಬಂತು. ಅದನ್ನು ಕೊಂಡು ಇಟ್ಟಿದ್ದವರು ಯಜಮಾನರು, ನಾನು ಹೇಳುವ ಮೊದಲೇ.

ಖಾಲಿ ತೊಟ್ಟಿಗೆ ಎರಡು ದಿನಕ್ಕೊಮ್ಮೆ ಚಿಟಿಕೆ ಆಹಾರ ಬೀಳುತ್ತಿತ್ತು. ಬ್ಯಾಕ್ಟೀರಿಯಾಗಳು ಉಪವಾಸ ಬೀಳಬಾರದಲ್ಲ. ಮೀನಿಲ್ಲದ ಆ ದಿನಗಳಲ್ಲಿ ಮನೆಯವರು ತೊಟ್ಟಿಯನ್ನು ಮೊದಲಿಗಿಂತ ಹೆಚ್ಚು ನೋಡಿದರು. ಕಲ್ಲಿನ ಸಂದಿಯಿಂದ ರಾತ್ರಿ ಹೊರಬರುವ ಅಕ್ಕಿಕಾಳಿನಷ್ಟು ಚಿಕ್ಕ ಜೀವಿಗಳ ಎಣಿಕೆ, ಗಾಜಿನ ಮೇಲಿನ ಕಂದು ಪಾಚಿ ಹಸಿರಾದ ದಿನಾಂಕ, ಏಡಿ ಚಿಪ್ಪು ಬದಲಿಸಿದ್ದು, ಎಲ್ಲವೂ ನೋಟ್‌ಬುಕ್ಕಿನಲ್ಲಿವೆ.

ಬೇರೆಯವರ ಮನೆಯಲ್ಲಿ ಈಗ ನಾನು ಮಾಡುವುದು

ಈ ಮನೆಯ ನಂತರ ನನ್ನ ಕೆಲಸದ ಕ್ರಮ ಬದಲಾಗಿದೆ. ಹೊಸ ತೊಟ್ಟಿಗೆ ಮೀನಿನ ಬದಲು ಅಮೋನಿಯಾವನ್ನೇ ಅಳೆದು ಹಾಕುತ್ತೇನೆ, ಲೀಟರಿಗೆ ಎರಡು ಮಿಲಿಗ್ರಾಂ ಆಗುವಷ್ಟು. ಅದು 24 ಗಂಟೆಯೊಳಗೆ ಸೊನ್ನೆಗೆ ಇಳಿಯುವವರೆಗೆ ಯಾವ ಮೀನನ್ನೂ ತರಲು ಬಿಡುವುದಿಲ್ಲ. ಪರೀಕ್ಷೆಯ ಬಣ್ಣವನ್ನು ಕಿಟಕಿಯ ಬಳಿ, ಹಗಲಿನಲ್ಲಿ, ಇಬ್ಬರು ಬೇರೆ ಬೇರೆಯಾಗಿ ಓದಬೇಕು. ಒಂದು ಓದು ಚಿಕ್ಕವರದ್ದಾದರೆ ಒಳ್ಳೆಯದು. ಮೀನು ಉಸಿರಿಗಾಗಿ ಒದ್ದಾಡುತ್ತಿದೆ ಎಂದು ಫೋನ್ ಬಂದರೆ ಔಷಧಿಯ ಹೆಸರು ಹೇಳುವ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ: ಹಳೆಯವು ಸಾಯುತ್ತಿವೆಯೇ ಹೊಸವು ಮಾತ್ರವೇ? ಕೊನೆಯ ಮೀನು ಬಂದು ಎಷ್ಟು ದಿನವಾಯಿತು? ತೊಟ್ಟಿಗೆ ಕೊನೆಯದಾಗಿ ಏನು ಸುರಿದಿರಿ? ಈ ಪ್ರಕರಣದ ಮೂರೂ ಹಂತಗಳಲ್ಲಿ ಈ ಪ್ರಶ್ನೆಗಳಿಗೆ ಬೇರೆ ಬೇರೆ ಉತ್ತರವಿತ್ತು. ಉಸಿರಾಟ ಮಾತ್ರ ಒಂದೇ ಆಗಿತ್ತು. ಕ್ವಾರಂಟೈನ್ ಬಗ್ಗೆ ಈಗ ಯಾರ ಜೊತೆಗೂ ರಾಜಿಯಿಲ್ಲ. ಆರೋಗ್ಯವಾಗಿ ಕಾಣುವ ಮೀನಿಗೂ ಮೂವತ್ತು ದಿನ.

ಮೇ 16ರ ಸಂಜೆ ಕ್ಲೌನ್ ತನ್ನ ತೊಟ್ಟಿಗೆ ಮರಳಿತು. ಜೂನ್‌ನಲ್ಲಿ ಅದಕ್ಕೆ ಒಂದು ಜೊತೆ ತಂದೆವು, ಕಡಲಿನಿಂದ ಹಿಡಿದದ್ದಲ್ಲ, ಹ್ಯಾಚರಿಯಲ್ಲಿ ಹುಟ್ಟಿದ ಚಿಕ್ಕ ಕ್ಲೌನ್. ಭಾರತದಲ್ಲಿಯೇ ಕ್ಲೌನ್ ಮೀನುಗಳ ಸಂತಾನೋತ್ಪತ್ತಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಇಂಥ ಮರಿಗಳು ಸಿಗುವಾಗ ಹವಳದ ದಿಬ್ಬದಿಂದ ಮೀನು ತರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಮರಿ ಒಂದು ರಾತ್ರಿಯ ಪ್ರಯಾಣ ಮಾಡಿ ಚೀಲದಲ್ಲಿ ಬಂತು. ಅಷ್ಟು ಹೊತ್ತು ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಪಿಎಚ್ ಇಳಿಸಿರುತ್ತದೆ, ಹಾಗಾಗಿ ಅಲ್ಲಿ ಸೇರಿದ ಅಮೋನಿಯಾ ಅಷ್ಟಾಗಿ ಕಚ್ಚುವುದಿಲ್ಲ. ಚೀಲ ಬಿಚ್ಚಿದೊಡನೆ ಅನಿಲ ಹಾರಿ, ಪಿಎಚ್ ಏರಿ, ಅದೇ ಅಮೋನಿಯಾ ವಿಷವಾಗತೊಡಗುತ್ತದೆ. ಹೀಗಾಗಿ ಹನಿಹನಿಯಾಗಿ ಗಂಟೆಗಟ್ಟಲೆ ನೀರು ಬೆರೆಸುತ್ತ ಕೂರಲಿಲ್ಲ. ಕಳುಹಿಸಿದವರನ್ನು ಮುಂಚೆಯೇ ಕೇಳಿ, ಕ್ವಾರಂಟೈನ್ ಟಬ್ಬಿನ ಉಪ್ಪನ್ನು ಚೀಲದ ಉಪ್ಪಿಗೆ ಸರಿಯಾಗಿ ಇಟ್ಟಿದ್ದೆವು. ಬಿಚ್ಚಿದ ಐದು ನಿಮಿಷದಲ್ಲಿ ಮೀನು ಟಬ್ಬಿನಲ್ಲಿತ್ತು.

ಕ್ಲೌನ್ ಮೀನುಗಳು ಹುಟ್ಟುವಾಗ ಎಲ್ಲವೂ ಗಂಡು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹಳೆಯದು ಈಗ ಹೊಸದರ ಎರಡರಷ್ಟಿದೆ. ಇವೆರಡು ಬಿಟ್ಟರೆ ಬೇರೆ ಮೀನಿಲ್ಲ, ಸದ್ಯಕ್ಕೆ ತರುವ ಯೋಚನೆಯೂ ಇಲ್ಲ. ಕ್ಲೌನ್ ಇದ್ದ ಮೇಲೆ ಅದು ಕಡಲಿನಲ್ಲಿ ಆಸರೆ ಪಡೆಯುವ ಅನಿಮೋನಿ ಎಂಬ ಜೀವಿ ಬೇಡವೇ ಎಂದು ಬಂದವರೆಲ್ಲ ಕೇಳುತ್ತಾರಂತೆ. ಯಜಮಾನರು ತೊಟ್ಟಿಯ ವಯಸ್ಸು ಹೇಳಿ, ಇನ್ನೂ ಬೇಡ ಎನ್ನುತ್ತಾರೆ.

ಮಗಳು ಈಗ ಹತ್ತನೆಯ ತರಗತಿ. ಕಳೆದ ವಾರ ನಾನು ಬೆಳಗ್ಗೆ ಬೇಗ ಹೋದಾಗ ಅವಳು ಸಮವಸ್ತ್ರದಲ್ಲಿಯೇ ಸ್ಟೂಲಿನ ಮೇಲೆ ನಿಂತು, ಚೊಂಬಿನಿಂದ ಸಿಹಿನೀರನ್ನು ನಿಧಾನವಾಗಿ ಸುರಿಯುತ್ತಿದ್ದಳು. ನೀರು ನೀಲಿ ಟೇಪಿನ ಅಂಚು ಮುಟ್ಟಿದಾಗ ನಿಲ್ಲಿಸಿ, ಚೊಂಬಿನಲ್ಲಿ ಉಳಿದದ್ದನ್ನು ಅಳೆದು, ‘ಇವತ್ತು ಒಂದು ಲೀಟರ್ ಇನ್ನೂರು ಮಿಲಿ’ ಎಂದು ಬರೆದುಕೊಂಡಳು.